ಸಕ್ಕರೆ ಎಲ್ಲಿಗೆ ಹೋಯಿತು?

ಕಾಸಾರಶಿರಸಿಯ ನಮ್ಮ ಕನ್ನಡ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನನ್ನದೊಂದು ಹಳೆಯ ಬಾಕಿಯನ್ನು ತೀರಿಸಬಯಸುತ್ತೇನೆ. ಹಿಂದೊಮ್ಮೆ ವಿಜ್ಞಾನದ ತಾಸಿನಲ್ಲಿ ಸಕ್ಕರೆ ನೀರಿಗೆ ಯೀಸ್ಟ್ ಬೆರೆಸಿ, ಹೊರಬಂದ ಅನಿಲವನ್ನು ಸುಣ್ಣದ ತಿಳಿನೀರಿಗೆ ಹಾಯಿಸಿ ತೋರಿಸಿದ್ದೆ. ತಿಳಿನೀರು ಹಾಲಿನಂತಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಬಾಲಕಿಯೊಬ್ಬಳು ಮಾತ್ರ ಎದ್ದು ನಿಂತು, “ಸರ, ಹಂಗಾರ ಸಕ್ಕರಿ ಎಲ್ಲಿಗಿ ಹೋಯ್ತ್ರಿ?” ಎಂದು ಕೇಳಿದಳು. “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದೆ. ನಿಜವೆಂದರೆ ನನಗೆ ಉತ್ತರ ತಿಳಿದಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ನಾನು ನಿವೃತ್ತಿಯ ನಂತರ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಅವರು, ಯೀಸ್ಟನ್ನು ಅರೆದು ಹಿಂಡಿದ, ಜೀವಕೋಶಗಳಿಲ್ಲದ ರಸವೂ ಸಕ್ಕರೆಯನ್ನು ಹುದುಗಿಸುವುದೆಂದು ತೋರಿಸಿದರು. ಈ ಕೆಲಸ ಮಾಡುವವು ರಸದಲ್ಲಿರುವ ಕಿಣ್ವಗಳು. ಮುಂದೆ ಲಂಡನ್ನಿನಲ್ಲಿ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಆ ರಸಕ್ಕೆ ಫಾಸ್ಫೇಟ್ ಸೇರಿಸಿದಾಗ, ಮಂದವಾಗಿದ್ದ ಹುದುಗುವಿಕೆ ಚುರುಕಾಯಿತು. ಹುಡುಕಿ ನೋಡಿದರೆ ಫಾಸ್ಫೇಟು ಸಕ್ಕರೆಗೇ ಅಂಟಿಕೊಂಡಿತ್ತು. 1929ರ ನೊಬೆಲ್ ಪಾರಿತೋಷಕದಲ್ಲಿ ಹಾರ್ಡನ್ ಪಾಲು ಪಡೆದರು.

ಕ್ರಮ ಹೀಗಿದೆ. ಜೀವಕೋಶದ ಹೊರಗೇ ಇನ್ವರ್ಟೇಸ್ ಎಂಬ ಕಿಣ್ವ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ಗ್ಲೂಕೋಸ್ ಒಳಹೊಕ್ಕೊಡನೆ ಹೆಕ್ಸೊಕೈನೇಸ್ ಎಂಬ ಕಿಣ್ವವು, ಶಕ್ತಿಯ ನಾಣ್ಯವೆನಿಸಿದ ಎಟಿಪಿಯಿಂದ ಒಂದು ಫಾಸ್ಫೇಟನ್ನು ತೆಗೆದು ಅದಕ್ಕೆ ತೊಡಿಸುತ್ತದೆ. ಋಣ ವಿದ್ಯುದಂಶವುಳ್ಳ ಈ ಹೊರೆ ಹೊತ್ತ ಗ್ಲೂಕೋಸ್ ಕೋಶದ ಪೊರೆ ದಾಟಿ ಮರಳಿ ಹೋಗಲಾರದು. ಎರಡನೆಯ ಕಿಣ್ವ ಅದನ್ನು ಫ್ರಕ್ಟೋಸ್ ರೂಪಕ್ಕೆ ತಿರುಗಿಸುತ್ತದೆ. ಮೂರನೆಯದು ಇನ್ನೊಂದು ಫಾಸ್ಫೇಟನ್ನು ಸೇರಿಸುತ್ತದೆ. ಆಗ ಆಲ್ಡೊಲೇಸ್ ಎಂಬ ಕಿಣ್ವವು ಆರು ಇಂಗಾಲದ ಅಣುವನ್ನು ಮೂರು ಇಂಗಾಲದ ಎರಡು ತುಂಡುಗಳಾಗಿ ಕತ್ತರಿಸುತ್ತದೆ. ಇಲ್ಲಿಯವರೆಗೆ ವೆಚ್ಚ 2 ಎಟಿಪಿ. ಮುಂದಿನ ಹಂತಗಳಲ್ಲಿ ಆದಾಯ 4. ನಿವ್ವಳ ಲಾಭ 2. ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ಮದ್ಯಸಾರ ಹೊರಬೀಳುತ್ತವೆ.

ಮುಂಗಡ ವೆಚ್ಚಕ್ಕೆ ಲಗಾಮೂ ಬೇಕು. ಟ್ರೆಹಲೋಸ್-6-ಫಾಸ್ಫೇಟ್ ಎಂಬ ಬೇರೊಂದು ಸಕ್ಕರೆ ಫಾಸ್ಫೇಟು ಹೆಕ್ಸೊಕೈನೇಸನ್ನು ಹತೋಟಿಯಲ್ಲಿಡುತ್ತದೆ. ಇದನ್ನು ತಯಾರಿಸಲಾರದ ಯೀಸ್ಟನ್ನು ಗ್ಲೂಕೋಸಿನಲ್ಲಿಟ್ಟರೆ ಸಕ್ಕರೆ ಫಾಸ್ಫೇಟುಗಳು ರಾಶಿ ಬೀಳುತ್ತವೆ, ಎಟಿಪಿ ಬರಿದಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಸಿಹಿಯ ನಡುವೆಯೇ ಉಪವಾಸ!

ಮಗಳೇ, ನೀನು ಎಲ್ಲಿಯೇ ಇದ್ದರೂ ಇದನ್ನು ಓದು. ಸಕ್ಕರೆ ಮಾಯವಾಗಲಿಲ್ಲ. ಅದರ ಇಂಗಾಲದ ಒಂದು ಪಾಲು ಆ ಸುಣ್ಣದ ನೀರನ್ನು ಬೆಳ್ಳಗೆ ಮಾಡಿತು, ಹೆಚ್ಚಿನ ಪಾಲು ಬಾಟಲಿಯಲ್ಲಿ ಮದ್ಯಸಾರವಾಗಿ ಉಳಿಯಿತು, ಸ್ವಲ್ಪ ಯೀಸ್ಟಿನ ಮೈಗೂಡಿತು. ಅಂದು ನಿನಗೆ ಕುಳಿತುಕೋ ಎಂದವನು ಇಂದು ತಾನೇ ಎದ್ದು ನಿಂತು ಉತ್ತರ ಒಪ್ಪಿಸಿದ್ದಾನೆ.