ಭೂಮಿ ಉಣ್ಣುವ ಅನ್ನ

ಬೇವಿನ ಮರಗಳು ಎಲೆ ಉದುರಿಸುವ ದಿನಗಳಲ್ಲಿ ಹಿಮಾಯತ್‌ನಗರದ ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಹೊಗೆ ಏಳುವುದುಂಟು. ಗುಡಿಸಿದ ಎಲೆಗಳ ರಾಶಿಗೆ ಬೆಂಕಿ ಹಚ್ಚಿಬಿಡುತ್ತಾರೆ. ಒಮ್ಮೆ ಆ ಹೊಗೆಯಿಂದ ನನ್ನ ಮಗಳ ಉಬ್ಬಸ ಉಲ್ಬಣಿಸಿ, ಅಂದಿನ ರಾತ್ರಿಯನ್ನು ನಾವು ಎಚ್ಚರದಲ್ಲೇ ಕಳೆಯಬೇಕಾಯಿತು. ಕಲಬುರ್ಗಿಯ ಕಡೆಯ ಹಳ್ಳಿಯಿಂದ ಬಂದಿದ್ದ ನನ್ನ ತಾಯಿ ಮರುದಿನ ಆ ಬೂದಿಯನ್ನು ನೋಡಿ, “ಎಲಿ ಸುಡಲಿಕ್ಕೆ ಬಿಡಬ್ಯಾಡಪ್ಪ. ಅದು ಭೂಮಿ ಉಣ್ಣೋ ಅನ್ನ ಅದ” ಎಂದರು.

ವಾಣಿಜ್ಯಶಾಸ್ತ್ರ ಓದಿ, ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಇಪ್ಪತ್ತು ವರ್ಷ ಕಳೆದಿರುವ ನನಗೆ ಆ ಮಾತಿನ ಅರ್ಥ ತಿಳಿಯಲು ಪುಸ್ತಕಗಳನ್ನು ಹುಡುಕಬೇಕಾಯಿತು. ತಿಳಿದಷ್ಟನ್ನು ಸಂಘದ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಉದುರಿದ ಎಲೆಯ ಗತಿ

ಉದುರಿದ ಎಲೆಯಲ್ಲಿ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಸಿಯಂ ಮೊದಲಾದ ಮೂಲವಸ್ತುಗಳು ಉಳಿದಿರುತ್ತವೆ. ಆದರೆ ಗಿಡದ ಬೇರು ಅವನ್ನು ಎಲೆಯಿಂದ ನೇರವಾಗಿ ಹೀರಲಾರದು. ಎರೆಹುಳು, ಗೆದ್ದಲುಗಳು ಎಲೆಯನ್ನು ಚೂರು ಮಾಡುತ್ತವೆ. ಬಳಿಕ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಕೆಲಸ ಮೊದಲಾಗುತ್ತದೆ. ಒಂದು ಚಿಟಿಕೆ ಫಲವತ್ತಾದ ಮಣ್ಣಿನಲ್ಲಿ ಅವು ಕೋಟಿಗಟ್ಟಲೆ ಇರುತ್ತವೆ. ಗಡುಸಾದ ನಾರಿನಂಶವನ್ನು ಮುಖ್ಯವಾಗಿ ಶಿಲೀಂಧ್ರಗಳು ಒಡೆಯುತ್ತವೆ. ಇಂಗಾಲದ ಬಹುಭಾಗ ಅನಿಲರೂಪದಲ್ಲಿ ಗಾಳಿಗೆ ಮರಳಿ, ಹಸಿರು ಎಲೆಗಳಿಗೆ ಮತ್ತೆ ಆಹಾರವಾಗುತ್ತದೆ. ಸಾರಜನಕವು ಮೊದಲು ಅಮೋನಿಯವಾಗಿ, ಅನಂತರ ಬೇರೆ ಬ್ಯಾಕ್ಟೀರಿಯಾಗಳ ಮೂಲಕ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗಿ ಬೇರಿಗೆ ಒದಗುತ್ತದೆ. ಈ ಬ್ಯಾಕ್ಟೀರಿಯಾಗಳ ಕಾರ್ಯವನ್ನು ರಷ್ಯದ ವಿಜ್ಞಾನಿ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ವಿವರಿಸಿದರು.

ಎಲೆಯನ್ನು ಸುಟ್ಟರೆ ಅದರ ಸಾರಜನಕದ ಹೆಚ್ಚಿನ ಪಾಲು ಗಾಳಿಯ ಪಾಲಾಗುತ್ತದೆ. ಹೊಗೆ ನಮ್ಮ ಶ್ವಾಸಕೋಶ ಸೇರುತ್ತದೆ. ನಷ್ಟ ಎರಡು ಕಡೆಯೂ ಆಯಿತು.

ತೊಗರಿಯ ಬೇರು

ಗಾಳಿಯಲ್ಲಿ ಶೇಕಡಾ 78 ಭಾಗ ಸಾರಜನಕವೇ ಇದ್ದರೂ ಗಿಡಗಳಿಗೆ ಅದು ಬೀಗ ಹಾಕಿದ ತಿಜೋರಿಯಂತೆ. ಕೆಲವು ಬ್ಯಾಕ್ಟೀರಿಯಾಗಳ ಬಳಿ ಮಾತ್ರ ಅದರ ಕೀಲಿಕೈ ಇದೆ. ನಮ್ಮ ಕಲಬುರ್ಗಿ, ಬೀದರ್ ಸೀಮೆಯ ತೊಗರಿ ಗಿಡವನ್ನು ಕಿತ್ತು ನೋಡಿದವರು ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳನ್ನು ಕಂಡಿರಬಹುದು. ಅವುಗಳೊಳಗಿನ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಪ್ರತಿಯಾಗಿ ಗಿಡ ಅವಕ್ಕೆ ಸಕ್ಕರೆಯಂಶ ಕೊಡುತ್ತದೆ. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಕೆಲಸ ನಡೆಯುತ್ತಿದೆ ಎಂದೇ ತಿಳಿಯಬೇಕು. ಜರ್ಮನಿಯ ಹೆಲ್‌ರೀಗಲ್, ವಿಲ್ಫಾರ್ತ್ ಎಂಬವರು ಈ ರಹಸ್ಯವನ್ನು ಪ್ರಯೋಗದಿಂದ ತೋರಿಸಿದ್ದು 1880ರ ದಶಕದಲ್ಲಿ. ಜೋಳದೊಂದಿಗೆ ತೊಗರಿಯ ಸಾಲು ಹಾಕುವ ನಮ್ಮ ರೈತರು ಆ ಪ್ರಯೋಗಗಳ ಸುದ್ದಿಗಾಗಿ ಕಾದಿರಲಿಲ್ಲ. ತೊಗರಿ ಉದುರಿಸುವ ಎಲೆಯೂ ಹೊಲಕ್ಕೇ ಗೊಬ್ಬರ. ನಮ್ಮ ನಗರಕ್ಕೆ ಸಮೀಪದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ಇದೇ ತೊಗರಿ, ಕಡಲೆ, ಶೇಂಗಾ, ಜೋಳಗಳನ್ನು ಕುರಿತು ಸಂಶೋಧನೆ ನಡೆಸುತ್ತ ಬಂದಿದೆ.

ಅತಿಯಾದರೆ ಅಮೃತವೂ ವಿಷ

ಇದೇ ಸೂಕ್ಷ್ಮಜೀವಿಗಳಿಗೆ ಮಿತಿಮೀರಿ ಉಣಬಡಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಬಡಾವಣೆಗೆ ಹತ್ತಿರದ ಹುಸೇನ್‌ಸಾಗರ ಕುತುಬ್‌ಶಾಹಿಗಳ ಕಾಲದಲ್ಲಿ, 16ನೆಯ ಶತಮಾನದಲ್ಲಿ ಕಟ್ಟಿದ ಕೆರೆ. ಒಂದು ಕಾಲಕ್ಕೆ ಜನ ಅದರ ನೀರನ್ನೇ ಕುಡಿಯುತ್ತಿದ್ದರು. ಆಮೇಲೆ ದಶಕಗಳ ಕಾಲ ನಗರದ ಚರಂಡಿ ನೀರೂ ಕಾರ್ಖಾನೆಗಳ ಕಲ್ಮಷವೂ ನಾಲೆಗಳ ಮೂಲಕ ಅದನ್ನು ಸೇರಿದವು. ಇಂತಹ ನೀರಿನಲ್ಲಿ ಸಾರಜನಕ, ರಂಜಕಗಳು ಹೆಚ್ಚಿ ಪಾಚಿ ಹುಲುಸಾಗುತ್ತದೆ. ಸತ್ತ ಪಾಚಿಯನ್ನೂ ಕೊಳೆಯನ್ನೂ ತಿನ್ನುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮುಗಿಸಿಬಿಡುತ್ತವೆ; ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಬಳಿಕ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಬಿಡುತ್ತವೆ. ತಪ್ಪು ಸೂಕ್ಷ್ಮಜೀವಿಗಳದಲ್ಲ. ಹೊಲಕ್ಕೆ ಜಮೆಯಾಗಬೇಕಾದ್ದನ್ನು ಕೆರೆಯ ಖಾತೆಗೆ ಹಾಕಿದವರು ನಾವು.

ನಾವು ಮಾಡಬಹುದಾದದ್ದು

ತಾಯಿಯ ಒತ್ತಾಯದಿಂದ ನಮ್ಮ ಮನೆಯ ಮಾಳಿಗೆಯಲ್ಲಿ ತಳಕ್ಕೆ ತೂತಿರುವ ಎರಡು ದೊಡ್ಡ ಕುಂಡಗಳನ್ನು ಇಟ್ಟಿದ್ದೇವೆ. ತರಕಾರಿ ಸಿಪ್ಪೆಯ ಮೇಲೆ ಪ್ರತಿಸಲವೂ ಒಣ ಎಲೆಯ ಪದರ ಹರಡಿ, ಒಂದು ಹಿಡಿ ಹಳೆಯ ಗೊಬ್ಬರ ಹಾಕುತ್ತೇವೆ. ಬರಿಯ ಹಸಿ ಕಸ ಹಾಕಿದರೆ ನಾರುತ್ತದೆ. ಬರಿಯ ಒಣ ಎಲೆಯಾದರೆ ಕೊಳೆಯುವುದು ತೀರ ನಿಧಾನ. ವಾರಕ್ಕೊಮ್ಮೆ ಮೇಲೆ ಕೆಳಗೆ ಮಾಡಿ ಗಾಳಿಯಾಡಿಸಬೇಕು. ಹಿಂಡಿದ ಬಟ್ಟೆಯಷ್ಟು ತೇವ ಸಾಕು. ನೊಣ ಬಾರದಂತೆ ಮುಚ್ಚಬೇಕು. ಸೊಳ್ಳೆ ಮೊಟ್ಟೆಯಿಡದಂತೆ ಕುಂಡದ ಕೆಳಗೆ ನೀರು ನಿಲ್ಲಗೊಡಬಾರದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು; ಮಣ್ಣಿನಲ್ಲಿ ಉಪಕಾರಿಗಳ ಜೊತೆಗೆ ರೋಗಕಾರಕಗಳೂ ಇರುವುದುಂಟು. ಉಬ್ಬಸವಿರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು.

ಮೂರು ನಾಲ್ಕು ತಿಂಗಳಲ್ಲಿ ಕಪ್ಪಾದ, ಮಳೆಮಣ್ಣಿನ ವಾಸನೆಯ ಗೊಬ್ಬರ ಸಿದ್ಧವಾಗುತ್ತದೆ. ಆ ವಾಸನೆಯೂ ಸೂಕ್ಷ್ಮಜೀವಿಗಳದ್ದೇ. ಅದೇ ಬಳಗದ ಒಂದು ಮಣ್ಣಿನ ಜೀವಿಯಿಂದ 1943ರಲ್ಲಿ ಕ್ಷಯರೋಗದ ಮದ್ದಾದ ಸ್ಟ್ರೆಪ್ಟೊಮೈಸಿನ್ ದೊರೆಯಿತು.

ಈ ವರ್ಷ ನಮ್ಮ ಕಟ್ಟಡದ ಮುಂದಿನ ಎಲೆಗಳು ಬೆಂಕಿಗೆ ಹೋಗಲಿಲ್ಲ; ಮಾಳಿಗೆಯ ಕುಂಡಗಳಿಗೆ ಬಂದವು. ಮಗಳೇ ನೆಟ್ಟ ಮೆಂತ್ಯ ಸೊಪ್ಪು ಆ ಗೊಬ್ಬರದಲ್ಲಿ ಬೆಳೆಯಿತು. ಬೀದಿಯ ಉಳಿದ ಮನೆಗಳವರಿಗೂ ಇದನ್ನು ಹೇಳುವುದು ಬಾಕಿಯಿದೆ. ಓದಿದವರು ತಮ್ಮ ತಮ್ಮ ಬೀದಿಗಳಲ್ಲಿ ಇಷ್ಟು ಮಾಡಿದರೆ ಈ ಲೇಖನ ಸಾರ್ಥಕ.