ಸೊರಾರಿಟಿಯ ಆಯ್ಕೆ: ಒಂದು ಜೋಡಣೆಯ ಗಣಿತ

ಅಮೆರಿಕದ ಕಾಲೇಜನ್ನು ಹೊಸದಾಗಿ ಸೇರಿದವರ ಮುಂದೆ ಪಾಠವಿಷಯಗಳ ಆಯ್ಕೆಯೊಡನೆ ಇನ್ನೊಂದು ಆಯ್ಕೆಯೂ ಬಂದು ನಿಲ್ಲುವುದುಂಟು. ಗ್ರೀಕ್ ಅಕ್ಷರಗಳ ಹೆಸರು ಹೊತ್ತ ಸಂಘಗಳಲ್ಲಿ ಯಾವುದನ್ನು ಸೇರಬೇಕು? ಹುಡುಗರ ಸಂಘ ಫ್ರೆಟರ್ನಿಟಿ, ಹುಡುಗಿಯರದು ಸೊರಾರಿಟಿ. ಇಂಥ ಹೆಸರಿನ ಪರಂಪರೆಯು 1776ರಲ್ಲಿ ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾದಿಂದ ಮೊದಲಾಯಿತು. ನಾವು ಇಲ್ಲಿ ಸೊರಾರಿಟಿಯನ್ನೇ ತೆಗೆದುಕೊಳ್ಳೋಣ. ಅದರ ಆಯ್ಕೆಯಲ್ಲಿ ಸೊಗಸಾದ ಗಣಿತವೊಂದು ಅಡಗಿದೆ.

ಹಲವು ದಿನಗಳ ಭೇಟಿಗಳಾದ ಮೇಲೆ ವಿದ್ಯಾರ್ಥಿನಿಯು ತನಗೆ ಮೆಚ್ಚಾದ ಸಂಘಗಳನ್ನು ಕ್ರಮವಾಗಿ ಬರೆದು ಕೊಡುವಳು. ಸಂಘಗಳೂ ತಮಗೆ ಬೇಕಾದವರ ಪಟ್ಟಿಯನ್ನು ಬರೆಯುವುವು. ಕರ್ನಾಟಕದ ಸಿ.ಇ.ಟಿ. ಸೀಟು ಹಂಚಿಕೆಯಲ್ಲಿ ಕಾಲೇಜಿಗೆ ಇಂಥ ಸ್ವಂತ ಇಷ್ಟವೆಂಬುದಿಲ್ಲ. ರ‍್ಯಾಂಕು ಮತ್ತು ಮೀಸಲಾತಿಯ ನಿಯಮಗಳೇ ತೀರ್ಮಾನಿಸುವುವು. ಅಲ್ಲಿಯಾದರೋ ಇಷ್ಟವು ಎರಡು ಕಡೆಯದು.

ಮೇರಿ ಎಂಬವಳಿಗೆ 'ಖ' ಸಂಘ ದೊರೆಯಿತೆನ್ನಿ. ಆಕೆಗೆ 'ಕ' ಹೆಚ್ಚು ಇಷ್ಟ. 'ಕ' ಸಂಘಕ್ಕೂ ತಾನು ಸೇರಿಸಿಕೊಂಡ ಒಬ್ಬಳಿಗಿಂತ ಮೇರಿಯೇ ಇಷ್ಟ. ಇಬ್ಬರೂ ಏರ್ಪಾಟನ್ನು ಮುರಿಯಲು ಕಾದಿರುವರು. ಇಂಥ ಜೋಡಣೆಯನ್ನು ಅಸ್ಥಿರವೆನ್ನುತ್ತೇವೆ. ಅಸ್ಥಿರತೆ ಎಂದಿಗೂ ಬಾರದಂತೆ ಜೋಡಿಸುವ ಬಗೆಯನ್ನು 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶ್ಯಾಪ್ಲಿ ತೋರಿಸಿಕೊಟ್ಟರು. ಪ್ರತಿಯೊಬ್ಬಳೂ ತನ್ನ ಮೊದಲ ಆಯ್ಕೆಯನ್ನು ಕೇಳುವಳು. ಸಂಘವು ತನ್ನ ಸ್ಥಾನಗಳಿರುವಷ್ಟು ಮಂದಿಯನ್ನು ತಾತ್ಕಾಲಿಕವಾಗಿ ಇರಿಸಿಕೊಂಡು ಮಿಕ್ಕವರನ್ನು ಕಳುಹಿಸುವುದು. ಅವರು ತಮ್ಮ ಮುಂದಿನ ಆಯ್ಕೆಗೆ ಹೋಗುವರು; ಅಲ್ಲಿ ಹೆಚ್ಚು ಮೆಚ್ಚಾದವಳು ಬಂದರೆ ಮೊದಲು ಇರಿಸಿಕೊಂಡವಳೂ ಹೊರಡಬೇಕಾದೀತು. 'ತಾತ್ಕಾಲಿಕ' ಎಂಬುದೇ ಇದರ ಜೀವಾಳ. ಕೇಳುವವರು ವಿದ್ಯಾರ್ಥಿನಿಯರಾಗಿದ್ದರೆ, ಮನಸ್ಸಿನ ನಿಜವಾದ ಕ್ರಮವನ್ನು ಬರೆದುದರಿಂದ ಯಾರಿಗೂ ನಷ್ಟವಾಗದೆಂದು ಸಾಧಿಸಬಹುದು.

ಆದರೆ ಸೊರಾರಿಟಿಗಳಲ್ಲಿ 1928ರಿಂದ ಬಳಕೆಗೆ ಬಂದ ಪದ್ಧತಿಯು ಬೇರೆ. ಸೂಸನ್ ಮಾಂಗೆಲ್ ಮತ್ತು ಆಲ್ವಿನ್ ರಾತ್ 1991ರಲ್ಲಿ ಅದನ್ನು ಪರಿಶೀಲಿಸಿ, ಅದು ಸ್ಥಿರತೆಗೆ ಭರವಸೆ ಕೊಡಲಾರದೆಂದು ತೋರಿಸಿದರು. ಹಾಗಿದ್ದೂ ಅದು ಬಹುಕಾಲ ನಡೆದುಬಂದುದೇಕೆ? ಬಹಳ ಮಂದಿ ಒಂದೇ ಸಂಘದ ಹೆಸರನ್ನು ಬರೆದು ನಿಲ್ಲಿಸುತ್ತಿದ್ದರು. ಅದರಿಂದಲೇ ಜೋಡಣೆಯು ಸ್ಥಿರವಾಗುತ್ತಿದ್ದಿತು. ನಮಗಿದು ಬಲು ವಿಚಿತ್ರವಾಗಿ ತೋರುತ್ತದೆ. ಪದ್ಧತಿಯ ಕೊರತೆಯನ್ನು ತುಂಬಿಕೊಟ್ಟವರು ಸಂಘವೇ ದೊರೆಯದಿರುವ ಅಪಾಯವನ್ನು ಹೊತ್ತ ಹುಡುಗಿಯರು! ರಾತ್ ಮತ್ತು ಶ್ಯಾಪ್ಲಿ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಬಹುಮಾನವನ್ನು ಪಡೆದರು.

ಗಣಿತವು ಪಟ್ಟಿಯನ್ನು ಕೊಟ್ಟಂತೆ ಸ್ವೀಕರಿಸುವುದೇ ಹೊರತು ಪಟ್ಟಿಯ ಗುಣವನ್ನು ವಿಚಾರಿಸದು. ವಾರ್ಷಿಕ ಚಂದಾ ಎಷ್ಟು, ಸಂಘದ ಕೆಲಸ ಓದಿನ ಹೊತ್ತನ್ನು ಎಷ್ಟು ನುಂಗುವುದು ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಹೊಸಬರನ್ನು ಪೀಡಿಸುವ ಹೇಜಿಂಗ್ ಎಂಬ ದುಷ್ಟ ರೂಢಿಯು ಫ್ರೆಟರ್ನಿಟಿಗಳಲ್ಲಿ ಪ್ರಾಣಗಳನ್ನೇ ತೆಗೆದುಕೊಂಡಿದೆ. 2024ರ ಡಿಸೆಂಬರಿನಲ್ಲಿ ಅಂಗೀಕೃತವಾದ ಸಂಯುಕ್ತ ಸರಕಾರದ ಕಾಯಿದೆಯಂತೆ, ಅಂಥ ತಪ್ಪಿಗೆ ಗುರಿಯಾದ ಸಂಘಗಳ ಹೆಸರನ್ನು ಕಾಲೇಜುಗಳು ಬಹಿರಂಗಪಡಿಸಬೇಕು. ಪಟ್ಟಿಗೆ ಲೇಖನಿ ತಾಗಿಸುವ ಮುನ್ನ ಈ ವರದಿಯನ್ನು ಓದಿಕೊಳ್ಳಬಹುದು.