ಚೆಂಡು ಹೂವೋ, ಪಾಪ್ಪಿಯೋ? ಹೊಳವನಹಳ್ಳಿ ಕಡೆಯ ತೋಟಕ್ಕೆ ಹತ್ತು ಸೂತ್ರ

ಹೊಳವನಹಳ್ಳಿ, ಕೊರಟಗೆರೆ ಕಡೆ ಹೂವಿನ ಗಿಡ ಅಂದರೆ ಸೇವಂತಿಗೆ, ಕನಕಾಂಬರ, ಚೆಂಡು ಹೂ. ಹಬ್ಬಕ್ಕೆ ಬೇಕು, ಗುಡಿಗೆ ಬೇಕು, ಸಂತೆಗೆ ಬೇಕು. ಈಗ ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು ಊರಿಗೆ ಬರುವಾಗ ಬಣ್ಣದ ಬೀಜದ ಪೊಟ್ಟಣ ತರುತ್ತಾರೆ: ಕೆಂಪು ರೇಷ್ಮೆಯಂಥ ಎಸಳಿನ ಪಾಪ್ಪಿ. ಫೋಟೊದಲ್ಲಿ ಚೆನ್ನಾಗಿರುತ್ತದೆ, ಗಿಡದಲ್ಲಿ ಇನ್ನೂ ಚೆನ್ನಾಗಿರುತ್ತದೆ. ಎರಡನ್ನೂ ನಮ್ಮ ಮಣ್ಣಿನಲ್ಲಿ ಬೆಳೆಯಬಹುದು, ಆದರೆ ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.

1. ಹೂ ಯಾರಿಗೆ ಎಂದು ಮೊದಲೇ ತೀರ್ಮಾನಿಸಿ.
ಚೆಂಡು ಹೂ ದುಡಿಯುವ ಹೂ. ಕೊಯ್ದು ಚೀಲಕ್ಕೆ ತುಂಬಿ, ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೋ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೋ ಸಾಗಿಸಿದರೂ ಮುಖ ಬಾಡುವುದಿಲ್ಲ. ಸೂಜಿ ಚುಚ್ಚಿ ಹಾರ ಮಾಡಿದರೂ ಬಾಗಿಲಲ್ಲಿ ದಿನ ತಳ್ಳುತ್ತದೆ. ಪಾಪ್ಪಿ ಹಾಗಲ್ಲ. ಒಂದು ಹೂ ಗಿಡದಲ್ಲಿ ಇರುವುದೇ ಎರಡು ಮೂರು ದಿನ. ಗಾಳಿ ಜೋರಾದರೆ ಅಷ್ಟೂ ಇಲ್ಲ. ಕಟ್ಟುವುದಕ್ಕೂ ಬಾರದು, ಮಾರುವುದಕ್ಕೂ ಬಾರದು. ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತು ನೋಡುವವರಿಗೆ ಮಾತ್ರ ಅದು. ಅದೂ ಒಂದು ಉಪಯೋಗವೇ ಅನ್ನುವುದಾದರೆ ಹಾಕಿ. ಎಕರೆಗಟ್ಟಲೆ ಮಾತ್ರ ಬೇಡ.

2. ಅಡುಗೆಮನೆಯ ಗಸಗಸೆ ಡಬ್ಬಿಗೆ ಕೈ ಹಾಕಬೇಡಿ.
ಇದು ಎಲ್ಲಕ್ಕಿಂತ ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ಉದ್ದ. ಪಾಯಸಕ್ಕೆ ಹುರಿಯುವ ಗಸಗಸೆ ಅಫೀಮು ಗಿಡದ್ದೇ ಬೀಜ. ಬೀಜ ತಿನ್ನುವುದಕ್ಕೆ ಅಡ್ಡಿಯಿಲ್ಲ, ಗಿಡ ಬೆಳೆಸುವುದು ಅಪರಾಧ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಪರವಾನಗಿ ಇಲ್ಲದೆ ಅದನ್ನು ಬೆಳೆಯುವಂತಿಲ್ಲ. ಪರವಾನಗಿ ಕೊಡುವುದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ಗೊತ್ತುಪಡಿಸಿದ ಕೆಲವು ಪ್ರದೇಶಗಳಲ್ಲಿ. ನೀಮಚ್, ಮಂದಸೌರ್ ಕಡೆಯ ರೈತರು ಪ್ರತಿ ಗುಂಟೆಗೂ ಸರ್ಕಾರಕ್ಕೆ ಲೆಕ್ಕ ಕೊಟ್ಟು ಬೆಳೆಯುತ್ತಾರೆ. ಕರ್ನಾಟಕದಲ್ಲಿ ಅಂಥ ಪ್ರದೇಶ ಇಲ್ಲ. ಸಿಕ್ಕಿಬಿದ್ದರೆ 10 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ‘ಬರೀ ಅಂದಕ್ಕೆ ಹಾಕಿದ್ದೆ ಸಾರ್’ ಅನ್ನುವ ಮಾತು ಠಾಣೆಯಲ್ಲಿ ನಡೆಯುವುದಿಲ್ಲ.

ತೋಟಕ್ಕೆ ಬೇಕಾದ ಪಾಪ್ಪಿ ಬೇರೆ. ಪೊಟ್ಟಣದ ಮೇಲೆ ಶರ್ಲಿ, ಐಸ್‌ಲ್ಯಾಂಡ್, ಕ್ಯಾಲಿಫೋರ್ನಿಯಾ ಎಂದಿದ್ದರೆ ತೊಂದರೆಯಿಲ್ಲ. ಪಿಯೊನಿ ಪಾಪ್ಪಿ, ಬ್ರೆಡ್‌ಸೀಡ್ ಪಾಪ್ಪಿ ಎಂದು ಆನ್‌ಲೈನ್‌ನಲ್ಲಿ ಮಾರುವುದು ಅದೇ ಅಫೀಮು ಜಾತಿ. ಹೆಸರು ಚೆಂದ ಇದೆ ಎಂದು ತರಿಸಿಕೊಳ್ಳಬೇಡಿ. ಗಿಡ ಎದ್ದ ಮೇಲೂ ಗುರುತು ಸಿಗುತ್ತದೆ. ಶರ್ಲಿಯ ಎಲೆ ಸೀಳು ಸೀಳಾಗಿರುತ್ತದೆ, ಕಾಂಡದ ಮೇಲೆ ಒರಟು ರೋಮ. ಅಫೀಮು ಗಿಡದ ಎಲೆ ನುಣುಪು, ಬೂದಿ ಬಳಿದಂತೆ ನೀಲಿ ಹಸಿರು, ಬುಡದಲ್ಲಿ ಕಾಂಡವನ್ನು ತಬ್ಬಿಕೊಂಡಿರುತ್ತದೆ. ಹಾಗೆ ಕಂಡರೆ ಹೂ ಬಿಡುವ ತನಕ ಕಾಯಬೇಡಿ, ಕಿತ್ತು ಹಾಕಿ.

3. ಚೆಂಡು ಹೂವಿಗೆ ಹಬ್ಬದಿಂದ ಹಿಂದಕ್ಕೆ ಎಣಿಸಿ.
ಬೀಜ ಮೊಳೆಯಲು ಒಂದು ವಾರ ಸಾಕು. ಮಡಿಯಲ್ಲಿ ಮೂರೂವರೆ ವಾರ ಬೆಳೆದ ಸಸಿಯನ್ನು ನಾಟಿ ಮಾಡಿದರೆ ಮುಂದಿನ ಎರಡು ತಿಂಗಳೊಳಗೆ ಮೊದಲ ಕೊಯ್ಲು. ಅಂದರೆ ಆಯುಧಪೂಜೆಗೆ 85–90 ದಿನ ಮೊದಲು ಬೀಜ ಮಡಿಗೆ ಬೀಳಬೇಕು. ದೀಪಾವಳಿಗೆ ಇನ್ನೊಂದು ಮಡಿ, ಮೂರು ವಾರ ಬಿಟ್ಟು. ಮಳೆ ನೋಡಿ ಬಿತ್ತುವುದು ರಾಗಿಗೆ ಸರಿ. ಬೋರ್‌ವೆಲ್ ಇದ್ದವರು ಹೂವಿಗೆ ಪಂಚಾಂಗ ನೋಡಬೇಕು.

4. ಪಾಪ್ಪಿಗೆ ಚಳಿ ಬರುವ ತನಕ ಕಾಯಿರಿ.
ಅದು ತಂಪು ನೆಲದ ಗಿಡ. ಮುಂಗಾರಿನಲ್ಲಿ ಹಾಕಿದರೆ ಸಸಿ ಕೊಳೆಯುತ್ತದೆ, ಬೇಸಿಗೆಯಲ್ಲಿ ಹಾಕಿದರೆ ಒಣಗುತ್ತದೆ. ಸ್ವಾತಿ ಮಳೆ ಮುಗಿಯುವ ಹೊತ್ತಿಗೆ, ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲಲ್ಲಿ ಬಿತ್ತಿ. ಸಂಕ್ರಾಂತಿ ಆಸುಪಾಸಿನಲ್ಲಿ ಹೂ ಶುರು. ಶಿವರಾತ್ರಿ ದಾಟಿ ಬಿಸಿಲು ಏರಿದರೆ ಅದರ ಆಟ ಮುಗಿಯಿತು. ಶಿರಾ, ಪಾವಗಡದ ಬಯಲಿನಲ್ಲಿ ಇನ್ನೂ ಬೇಗ. ದೇವರಾಯನದುರ್ಗದ ತಪ್ಪಲಿನ ಕಡೆ, ಜಯಮಂಗಲಿ ಹಳ್ಳದ ಬದಿಯ ತೆಂಗು ಅಡಿಕೆಯ ತಂಪಿನಲ್ಲಿ ಒಂದೆರಡು ವಾರ ಹೆಚ್ಚು ಸಿಗಬಹುದು. ಆದರೆ ನೆರಳಲ್ಲೇ ಹಾಕಿದರೆ ಹೂ ಬಿಡದೆ ಬರೀ ಎತ್ತರ ಬೆಳೆಯುತ್ತದೆ.

5. ಒಂದಕ್ಕೆ ಮಡಿ, ಇನ್ನೊಂದಕ್ಕೆ ಇದ್ದಲ್ಲೇ ಬಿತ್ತನೆ.
ಚೆಂಡು ಹೂವಿನ ಸಸಿಯನ್ನು ಕಿತ್ತು ಎಲ್ಲಿ ನೆಟ್ಟರೂ ಎರಡು ದಿನದಲ್ಲಿ ತಲೆ ಎತ್ತುತ್ತದೆ. ಪಾಪ್ಪಿಗೆ ನೇರ ಕೆಳಗಿಳಿಯುವ ಒಂದೇ ತಾಯಿಬೇರು. ಅದು ಅಲುಗಿದರೆ ಗಿಡ ಮುನಿಸಿಕೊಳ್ಳುತ್ತದೆ. ನರ್ಸರಿಯಲ್ಲಿ ಪಾಪ್ಪಿ ಸಸಿ ಮಾರಿದರೆ ಕೊಳ್ಳಬೇಡಿ. ಬೀಜವನ್ನು ಒಣ ಮರಳಿನ ಜೊತೆ ಬೆರೆಸಿ ಪಾತಿಯ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಮಣ್ಣು ಮುಚ್ಚಬೇಡಿ, ಅದಕ್ಕೆ ಬೆಳಕು ಬೇಕು. ಬಿಂದಿಗೆಯಿಂದ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಹೋಗಿ ಕೂರುತ್ತದೆ, ನೀರು ಚಿಮುಕಿಸಿ. ಮೊಳೆತ ಮೇಲೆ ಗೇಣಿಗೊಂದು ಗಿಡ ಉಳಿಸಿ ಮಿಕ್ಕದ್ದನ್ನು ಕೀಳಿ. ಕೀಳಲು ಮನಸ್ಸು ಬರುವುದಿಲ್ಲ, ಆದರೂ ಕೀಳಿ.

ಮಣ್ಣಿನ ಆಳದಲ್ಲಿ ಹೂತ ಪಾಪ್ಪಿ ಬೀಜ ವರ್ಷಗಟ್ಟಲೆ ಸಾಯದೆ ಕಾಯುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ, ಫ್ರಾನ್ಸ್‌ಗಳ ಹೊಲಗಳನ್ನು ಗುಂಡು ಮದ್ದು ಅಗೆದು ಹಾಕಿದಾಗ ಎದ್ದು ನಿಂತದ್ದು ಇದೇ ಕೆಂಪು ಪಾಪ್ಪಿ. ಬ್ರಿಟನ್ನಿನವರು ನವೆಂಬರ್ 11ಕ್ಕೆ ಅಂಗಿಗೆ ಸಿಕ್ಕಿಸಿಕೊಳ್ಳುವ ಹೂವಿಗೆ ಅದೇ ಮೂಲ.

6. ಕುಡಿ ಚಿವುಟಿ.
ಚೆಂಡು ಹೂವಿಗೆ ಮಾತ್ರ. ನಾಟಿಯಾದ ತಿಂಗಳಿಗೆ ನೆತ್ತಿಯ ಕುಡಿ ಚಿವುಟಿದರೆ ಪಕ್ಕದ ಕವಲು ಒಡೆದು ಮೊಗ್ಗು ಹೆಚ್ಚುತ್ತದೆ. ಕೊಯ್ಲು ಒಂದೆರಡು ವಾರ ತಡವಾಗುತ್ತದೆ, ಹಬ್ಬದ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ. ಪಾಪ್ಪಿಯನ್ನು ಚಿವುಟುವ ಗೋಜಿಗೆ ಹೋಗಬೇಡಿ.

7. ಬೀಜ ಎತ್ತಿಡುವ ಮೊದಲು ತಳಿ ಕೇಳಿ.
ಎತ್ತರದ ಚೆಂಡು ಹೂ ತಳಿಗಳನ್ನು 2 ಅಡಿಗೆ ಒಂದೂವರೆ ಅಡಿಯಂತೆ ನೆಟ್ಟರೆ ಎಕರೆಗೆ ಸುಮಾರು 14,500 ಸಸಿ ಬೇಕು. ಬೀಜದ ಖರ್ಚು ಉಳಿಸಲು ಕಳೆದ ಸಲದ ಹೈಬ್ರಿಡ್ ಹೂ ಒಣಗಿಸಿ ಬಿತ್ತುವವರಿದ್ದಾರೆ. ತಾಯಿಯಂತೆ ಮಗಳು ಬರುವುದಿಲ್ಲ, ಒಂದು ದಪ್ಪ, ಒಂದು ಪೀಚು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಬಂಗಾರ’ದಂಥ ತಳಿಯನ್ನು ಬೀಜದಿಂದಲ್ಲ, ಕುಡಿ ತುಂಡು ಬೇರು ಬಿಡಿಸಿ ಬೆಳೆಸುತ್ತಾರೆ. ಅದೇ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರ ತುಮಕೂರು ಹತ್ತಿರದ ಹಿರೇಹಳ್ಳಿಯಲ್ಲೇ ಇದೆ. ಅಂಗಡಿಯವನನ್ನು ಕೇಳುವ ಬದಲು ಅಲ್ಲಿಗೊಮ್ಮೆ ಹೋಗಿ ಬನ್ನಿ.

8. ಚೆಂಡು ಹೂವಿಗೆ ಎರಡನೇ ಕೆಲಸ ಕೊಡಿ.
ನಮ್ಮ ಕಡೆಯವರು ಟೊಮೆಟೊ ಬದಿಯಲ್ಲಿ ನಾಲ್ಕು ಚೆಂಡು ಹೂ ಹಾಕಿ ‘ಹುಳ ಬರಲ್ಲ’ ಅನ್ನುತ್ತಾರೆ. ನಾಲ್ಕು ಗಿಡದಿಂದ ಏನೂ ಆಗುವುದಿಲ್ಲ. ಹೆಸರಘಟ್ಟದವರು ಲೆಕ್ಕ ಕೊಟ್ಟಿದ್ದಾರೆ: 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ. ನಾಟಿ ಮಾಡುವ ದಿನ ಟೊಮೆಟೊ ಸಸಿಗೆ 25 ದಿನ, ಚೆಂಡು ಹೂ ಸಸಿಗೆ 45 ದಿನ ಆಗಿರಬೇಕು. ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ, ಕಾಯಿ ಕೊರೆಯುವ ಹುಳುವಿನ ಚಿಟ್ಟೆ ಟೊಮೆಟೊ ಬಿಟ್ಟು ಚೆಂಡು ಹೂವಿನ ಮೇಲೆ ಮೊಟ್ಟೆ ಇಡುತ್ತದೆ. ಹೂ ಕೊಯ್ಯುವಾಗ ಹುಳುವನ್ನೂ ಆರಿಸಿ ಕೊಲ್ಲಿ, ಇಲ್ಲದಿದ್ದರೆ ನೀವೇ ಮನೆ ಕಟ್ಟಿಕೊಟ್ಟಂತಾಯಿತು.

ಶಿರಾ, ಪಾವಗಡದ ದಾಳಿಂಬೆಯವರಿಗೆ ಇನ್ನೊಂದು ಲಾಭವಿದೆ. ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು ಈ ಹೂವಿನ ಬೇರಿನ ರಸಕ್ಕೆ ತಾಳುವುದಿಲ್ಲ. ದಾಳಿಂಬೆ ಸಾಲಿನ ನಡುವೆ ಒತ್ತೊತ್ತಾಗಿ ಎರಡು ಮೂರು ತಿಂಗಳು ಬೆಳೆದು, ಹೂ ಕೊಯ್ದ ಮೇಲೆ ಗಿಡವನ್ನು ಅಲ್ಲೇ ಕೊಚ್ಚಿ ಮಣ್ಣಿಗೆ ಸೇರಿಸಿ. ಈ ವಿಷಯದಲ್ಲಿ ಪಾಪ್ಪಿಯಿಂದ ಏನೂ ನಿರೀಕ್ಷಿಸಬೇಡಿ. ಅದು ಅತಿಥಿ.

9. ಹಬ್ಬದ ಮರುದಿನದ ಬೆಲೆಗೂ ಸಿದ್ಧರಾಗಿರಿ.
ಆಯುಧಪೂಜೆಯ ಹಿಂದಿನ ರಾತ್ರಿ ಚಿನ್ನದಂತಿದ್ದ ಹೂ ವಿಜಯದಶಮಿ ಸಂಜೆ ರಸ್ತೆ ಬದಿಯ ರಾಶಿಯಾಗುತ್ತದೆ. ತೋಟವನ್ನೆಲ್ಲ ಒಂದೇ ದಿನ ನಾಟಿ ಮಾಡದೆ ಮೂರು ಕಂತು ಮಾಡಿ. ಶುಕ್ರವಾರ, ಮಂಗಳವಾರ ಗೊರವನಹಳ್ಳಿ ಮಹಾಲಕ್ಷ್ಮಿಗೆ ಬರುವ ಭಕ್ತರಿಗೆ ವರ್ಷವಿಡೀ ಹೂ ಬೇಕು; ದೊಡ್ಡ ಮಾರುಕಟ್ಟೆಗೆ ಸಾಗಿಸುವ ಬಾಡಿಗೆಯನ್ನು ಹಾಕಿ ನೋಡಿದರೆ ಹತ್ತಿರದ ಚಿಲ್ಲರೆ ವ್ಯಾಪಾರವೇ ಎಷ್ಟೋ ಸಲ ವಾಸಿ. ಗುಂಡ್ಲುಪೇಟೆ ಕಡೆ ಕಂಪನಿಗಳು ಬಣ್ಣ ತೆಗೆಯಲು ಒಪ್ಪಂದದ ಮೇಲೆ ಚೆಂಡು ಹೂ ಬೆಳೆಸುತ್ತವೆ. ಆ ಬಣ್ಣ ಕೋಳಿ ಮೇವಿಗೆ ಸೇರಿ ಮೊಟ್ಟೆಯ ಹಳದಿಯನ್ನು ಗಾಢವಾಗಿಸುತ್ತದೆ. ಒಪ್ಪಂದದ ದರ ಹಬ್ಬದ ದರದಷ್ಟು ಏರುವುದಿಲ್ಲ, ಮರುದಿನದ ದರದಷ್ಟು ಇಳಿಯುವುದೂ ಇಲ್ಲ.

10. ಹೊಲದಲ್ಲಿ ಈಗಾಗಲೇ ಇರುವ ಪಾಪ್ಪಿಯನ್ನು ಗುರುತಿಸಿ.
ಚೆಂಡು ಹೂ ಮೆಕ್ಸಿಕೋ ಮೂಲದ್ದು. ಅಲ್ಲಿನವರು ನವೆಂಬರ್ 1 ಮತ್ತು 2ರಂದು ತೀರಿಹೋದ ಹಿರಿಯರನ್ನು ಮನೆಗೆ ಕರೆಯುವುದು ಇದೇ ಹೂ ಹರಡಿ. ಅದೇ ದೇಶದಿಂದ ಬಂದ, ಪಾಪ್ಪಿಯ ಕುಟುಂಬಕ್ಕೆ ಸೇರಿದ ಗಿಡವೊಂದು ಮಧುಗಿರಿ, ಶಿರಾದ ಬೀಳು ನೆಲದಲ್ಲೆಲ್ಲ ಇದೆ: ಬಿಳಿ ಗೆರೆಯ ಮುಳ್ಳೆಲೆ, ತೆಳು ಹಳದಿ ಹೂ, ಮುರಿದರೆ ಹಳದಿ ಹಾಲು. ಅರಿಶಿನ ದತ್ತೂರಿ ಅನ್ನುವವರಿದ್ದಾರೆ. ಅಂದವೆಂದು ಅಂಗಳಕ್ಕೆ ತರಬೇಡಿ. ಅದರ ಬೀಜ ಕಪ್ಪಗೆ ದುಂಡಗೆ ಥೇಟ್ ಸಾಸಿವೆ. ಹತ್ತಿರದಿಂದ ನೋಡಿದರೆ ಮಾತ್ರ ಮೇಲ್ಮೈ ಒರಟು. ಸಾಸಿವೆ ಎಣ್ಣೆಗೆ ಅದು ಬೆರೆತು 1998ರಲ್ಲಿ ದೆಹಲಿಯಲ್ಲಿ ಕೈಕಾಲು ಊದಿಕೊಂಡು 60ಕ್ಕೂ ಹೆಚ್ಚು ಮಂದಿ ಸತ್ತರು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಸಾಸಿವೆ ಹಾಕುವವರು ಕೊಯ್ಲಿಗೆ ಇಳಿಯುವ ಮುನ್ನ ಬದುಗಳನ್ನು ಒಮ್ಮೆ ಸುತ್ತಿ, ಈ ಗಿಡ ಕಂಡರೆ ಕಾಯಿ ಬಿರಿಯುವ ಮೊದಲೇ ಬೇರು ಸಮೇತ ಕಿತ್ತು ಸುಟ್ಟುಹಾಕಿ. ಕೈಗೆ ಗೋಣಿತಟ್ಟು ಸುತ್ತಿಕೊಳ್ಳಿ, ಮುಳ್ಳು ಚುಚ್ಚುತ್ತದೆ.